ತಾಳಿ ಕಟ್ಟಿದ ಮೇಲೆ ಕೇಳಿಸಿದ ಗಟ್ಟಿಮೇಳ: ಫೋನ್ ವಿಡಿಯೊಗಳನ್ನು ಮನೆ ಕಂಪ್ಯೂಟರ್‌ನಲ್ಲಿ ಎಡಿಟ್ ಮಾಡುವ ಸಮಗ್ರ ಮಾರ್ಗದರ್ಶಿ

ಚಿಕ್ಕಪ್ಪನ ಮಗಳ ಮದುವೆ. ಧಾರೆಯ ವಿಡಿಯೊ ನಾನೇ ಎಡಿಟ್ ಮಾಡಿಕೊಡ್ತೀನಿ ಅಂತ ಜಂಬದಿಂದ ಒಪ್ಪಿಕೊಂಡಿದ್ದೆ. ಮಂಟಪದ ಪಕ್ಕ ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ 40 ನಿಮಿಷ ಒಂದೇ ಸಮ ಶೂಟ್ ಮಾಡಿದ ಕ್ಲಿಪ್ ಅದು. ಮೂರು ರಾತ್ರಿ ಕೂತು ಕತ್ತರಿಸಿದೆ. ಪ್ರತಿ ಸಲ ಮೌಸ್ ಒತ್ತಿದಾಗಲೂ ಲ್ಯಾಪ್‌ಟಾಪ್ ಎರಡು ಸೆಕೆಂಡ್ ಯೋಚನೆ ಮಾಡಿ ಆಮೇಲೆ ಚಿತ್ರ ತೋರಿಸುತ್ತಿತ್ತು. ಹೇಗೋ ಮುಗಿಸಿ, ಪೆನ್‌ಡ್ರೈವಿಗೆ ಹಾಕಿ, ಮನೆಯವರನ್ನೆಲ್ಲ ಟಿವಿ ಮುಂದೆ ಕೂರಿಸಿದೆ.

ಹುಡುಗ ತಾಳಿ ಕಟ್ಟಿದ. ಅಕ್ಷತೆ ಬಿತ್ತು. ಅದಾದ ಮೇಲೆ ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಪುರೋಹಿತರು ಕೂಗಿದ್ದು ಕೇಳಿಸಿತು! ಅಜ್ಜಿ ನನ್ನ ಕಡೆ ತಿರುಗಿ, ‘ಓಲಗದವ್ರು ನಿದ್ದೆ ಮಾಡ್ತಿದ್ರೇನೋ?’ ಅಂದರು.

ತಪ್ಪು ಓಲಗದವರದ್ದಲ್ಲ. ಲ್ಯಾಪ್‌ಟಾಪ್‌ದೂ ಅಲ್ಲ. ನೋಡುವುದಕ್ಕೆ ಅಂತ ಮಾಡಿದ ಫೈಲನ್ನು ಹಾಗೇ ಕತ್ತರಿಸಲು ಹೋದ ನನ್ನದು. ಕತ್ತರಿ ಹಾಕುವ ಮುಂಚೆ ಒಂದರ್ಧ ಗಂಟೆ ತಯಾರಿ ಮಾಡಿಕೊಂಡಿದ್ದರೆ ಆ ಮೂರು ರಾತ್ರಿ ಉಳಿಯುತ್ತಿತ್ತು. ಆ ತಯಾರಿ ಹೇಗೆ ಅನ್ನುವುದೇ ಈ ಬರಹ.

ಮುಯ್ಯಿ ಪುಸ್ತಕದ ಲೆಕ್ಕ

ಮೊದಲು ಈ ಫೈಲ್ ಒಳಗೆ ಏನಿದೆ ನೋಡೋಣ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ವಿಡಿಯೊ ಅಂದರೆ ಸಾಲಾಗಿ ಓಡುವ ಬಿಡಿ ಚಿತ್ರಗಳು, ಒಂದೊಂದಕ್ಕೂ ಫ್ರೇಮ್ ಅಂತ ಹೆಸರು. ಫುಲ್ ಎಚ್‌ಡಿ ವಿಡಿಯೊದ ಒಂದು ಫ್ರೇಮ್ ಅಂದರೆ 1920 ಅಡ್ಡ, 1080 ಉದ್ದದ ಚುಕ್ಕೆಗಳು. ಏನೂ ಕುಗ್ಗಿಸದೆ ಇಟ್ಟರೆ ಒಂದು ಫ್ರೇಮಿಗೆ ಸುಮಾರು 3.1 ಎಂಬಿ ಬೇಕು. ಸೆಕೆಂಡಿಗೆ 30 ಫ್ರೇಮ್ ಅಂದರೆ 93 ಎಂಬಿ. ಒಂದು ನಿಮಿಷಕ್ಕೆ ಐದೂವರೆ ಜಿಬಿಗಿಂತ ಜಾಸ್ತಿ. ಆದರೆ ಫೋನುಗಳು ವಿಡಿಯೊವನ್ನು ಕುಗ್ಗಿಸಿಯೇ ಇಡುತ್ತವೆ. ಕುಗ್ಗಿಸುವ ವಿಧಾನ ಹೆಚ್ಚಾಗಿ ಎಚ್.264, ಇಲ್ಲವೇ ಅದಕ್ಕಿಂತ ಹೊಸ ಎಚ್‌ಇವಿಸಿ. ಐಫೋನಿನಲ್ಲಿ ಅದೇ ಒಂದು ನಿಮಿಷ ಎಚ್.264 ಆದರೆ ಸುಮಾರು 130 ಎಂಬಿ, ಎಚ್‌ಇವಿಸಿ ಆದರೆ ಸುಮಾರು 60 ಎಂಬಿ ಮಾತ್ರ. ಅಂದರೆ ನಲವತ್ತರಲ್ಲಿ ಒಂದು ಪಾಲು, ಇಲ್ಲವೇ ತೊಂಬತ್ತರಲ್ಲಿ ಒಂದು ಪಾಲು. ಉಳಿದದ್ದು ಎಲ್ಲಿ ಹೋಯಿತು?

ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರನ್ನು ನೋಡಿದ್ದೀರಲ್ಲ? ಮೊದಲ ಸಾಲಿನಲ್ಲಿ ಊರಿನ ಹೆಸರು ಪೂರ್ತಿ ಬರೆಯುತ್ತಾರೆ. ಅದೇ ಊರಿನವರು ಸಾಲಾಗಿ ಬಂದರೆ ಕೆಳಗೆ ‘ಸದರಿ’, ‘ಸದರಿ’ ಅಂತ ಎಳೆದುಬಿಡುತ್ತಾರೆ. ಬರೆಯುವ ಕೆಲಸ ಉಳಿಯಿತು, ಪುಸ್ತಕವೂ ತೆಳ್ಳಗಾಯಿತು. ಕುಗ್ಗಿಸಿದ ವಿಡಿಯೊ ಮಾಡುವುದೂ ಇದನ್ನೇ. ಒಂದು ಫ್ರೇಮ್ ಪೂರ್ತಿ ಇಡುತ್ತದೆ. ಅದಕ್ಕೆ ಐ-ಫ್ರೇಮ್ ಅಥವಾ ಕೀಫ್ರೇಮ್ ಅಂತ ಹೆಸರು. ಮುಂದಿನವು ‘ಮಂಟಪ ಸದರಿ, ಹೂವು ಸದರಿ, ಪುರೋಹಿತರ ಕೈ ಮಾತ್ರ ಇಷ್ಟು ಸರಿಯಿತು’ ಅನ್ನುವ ಪಿ-ಫ್ರೇಮ್‌ಗಳು. ಬಿ-ಫ್ರೇಮ್ ಅಂತ ಇನ್ನೊಂದಿದೆ. ಅದು ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ನೋಡಿಕೊಂಡು ತನ್ನದನ್ನು ಬರೆಯುತ್ತದೆ.

ಈಗ ಆ ಪುಸ್ತಕದ ಮಧ್ಯದ ಒಂದು ಸಾಲು ಮಾತ್ರ ಹರಿದುಕೊಂಡು ಬನ್ನಿ. ‘ಸದರಿ, 501 ರೂಪಾಯಿ’ ಅಂತಿದೆ. ಯಾವ ಊರಿನವರು? ಗೊತ್ತಾಗಬೇಕಾದರೆ ಮೇಲಿನ ಪೂರ್ತಿ ಸಾಲು ಸಿಗುವ ತನಕ ಹಿಂದಕ್ಕೆ ಹೋಗಬೇಕು. ನೀವು ಟೈಮ್‌ಲೈನ್‌ನಲ್ಲಿ (ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಎಲ್ಲೋ ಒಂದು ಕಡೆ ಕ್ಲಿಕ್ ಮಾಡಿದಾಗ ಕಂಪ್ಯೂಟರ್ ಮಾಡುವುದೂ ಇದೇ. ಹಿಂದಿನ ಕೀಫ್ರೇಮ್ ಹುಡುಕಿ, ಅಲ್ಲಿಂದ ಒಂದೊಂದೇ ಫ್ರೇಮ್ ಬಿಡಿಸುತ್ತಾ ನೀವು ಕೇಳಿದ ಜಾಗಕ್ಕೆ ಬರುತ್ತದೆ. ಫೋನುಗಳು ಸಾಮಾನ್ಯವಾಗಿ ಸೆಕೆಂಡಿಗೊಂದು ಕೀಫ್ರೇಮ್ ಇಡುತ್ತವೆ, ಪರವಾಗಿಲ್ಲ. ಬಹಳ ಕಡೆ ಬಳಸುವ ಎಕ್ಸ್264 ಎನ್‌ಕೋಡರ್ (ವಿಡಿಯೊ ಕುಗ್ಗಿಸುವ ಸಾಫ್ಟ್‌ವೇರ್) ಮಾತ್ರ ನಾವೇನೂ ಹೇಳದಿದ್ದರೆ 250 ಫ್ರೇಮ್‌ಗಳ ತನಕ ಒಂದೇ ಕೀಫ್ರೇಮಿನಲ್ಲಿ ಕಾಲ ಹಾಕಬಹುದು. ಅಂದರೆ ಎಂಟು ಸೆಕೆಂಡಿಗೂ ಜಾಸ್ತಿ. ಅಂಥ ಫೈಲಿನಲ್ಲಿ ಒಂದು ಕ್ಲಿಕ್ಕಿಗೆ ಕಂಪ್ಯೂಟರ್ 249 ಫ್ರೇಮ್ ಬಿಡಿಸಬೇಕಾಗಿ ಬರಬಹುದು. ಹಿಂದಕ್ಕೆ ಓಡಿಸಿ ನೋಡಿದರಂತೂ ಕೇಳಲೇಬೇಡಿ.

ಹಳೆಯ ಮಿನಿಡಿವಿ ಕ್ಯಾಸೆಟ್ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಗಂಟೆಗೆ 13 ಜಿಬಿ ತಿನ್ನುತ್ತಿತ್ತು ನಿಜ. ಆದರೆ ಪ್ರತಿ ಫ್ರೇಮೂ ಸ್ವತಂತ್ರ, ಎಲ್ಲಿ ಬೇಕೋ ಅಲ್ಲಿ ಕತ್ತರಿಸಬಹುದಿತ್ತು. ಇಪ್ಪತ್ತು ವರ್ಷದ ಹಿಂದಿನ ಡಬ್ಬಾ ಕಂಪ್ಯೂಟರಿನಲ್ಲಿ ಸಲೀಸಾಗಿ ಎಡಿಟ್ ಮಾಡಿದವರಿಗೆ ಈಗಿನ ಲ್ಯಾಪ್‌ಟಾಪ್ ಯಾಕೆ ತಿಣುಕುತ್ತದೆ ಅಂತ ಆಶ್ಚರ್ಯವಾಗುವುದು ಇದಕ್ಕೇ. ಎಚ್.264 ಬಂದದ್ದು 2003ರಲ್ಲಿ, ಎಚ್‌ಇವಿಸಿ 2013ರಲ್ಲಿ. ಒಂದೊಂದು ತಲೆಮಾರಿಗೂ ಫೈಲ್ ಚಿಕ್ಕದಾಯಿತು, ಬಿಡಿಸುವ ಕೆಲಸ ಹೆಚ್ಚಾಯಿತು.

ಹೆಜ್ಜೆ 1: ಫೈಲನ್ನು ಸರಿಯಾಗಿ ತನ್ನಿ

ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ಎಡಿಟ್ ಮಾಡಬೇಡಿ. ಅದು ಫೋನಿನಲ್ಲಿ ಒಮ್ಮೆ ಕುಗ್ಗಿ, ಕಳಿಸುವಾಗ ಇನ್ನೊಮ್ಮೆ ಕುಗ್ಗಿದ್ದು. ನೀವು ಎಡಿಟ್ ಮುಗಿಸಿ ಹೊಸ ಫೈಲ್ ಮಾಡುವಾಗ, ಅಂದರೆ ಎಕ್ಸ್‌ಪೋರ್ಟ್ ಮಾಡುವಾಗ ಮೂರನೇ ಸಲ ಕುಗ್ಗುತ್ತದೆ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಸೀರೆಯ ಜರಿ ಮೊದಲು ಹೋಗುತ್ತದೆ, ಆಮೇಲೆ ಮುಖ ಮೇಣದ ಬೊಂಬೆಯಂತಾಗುತ್ತದೆ.

ಕೇಬಲ್ ಹಾಕಿ ನಕಲು ಮಾಡಿಕೊಳ್ಳಿ. ದೂರದ ನೆಂಟರಿಂದ ತರಿಸಿಕೊಳ್ಳಬೇಕಾದರೆ ವಾಟ್ಸಾಪ್‌ನಲ್ಲೇ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಕುಗ್ಗುವುದಿಲ್ಲ, 2 ಜಿಬಿ ತನಕ ಹೋಗುತ್ತದೆ. ‘ವಿಡಿಯೊ ಅಂತ ಕಳಿಸ್ಬೇಡ, ಡಾಕ್ಯುಮೆಂಟ್ ಅಂತ ಕಳಿಸು’ ಅಂತ ನಾಲ್ಕು ಸಲ ಹೇಳಬೇಕಾಗುತ್ತದೆ, ತಯಾರಾಗಿರಿ.

ತಂದ ಫೈಲ್‌ಗಳನ್ನು ‘ಮೂಲ’ ಅಂತ ಒಂದು ಫೋಲ್ಡರ್ ಮಾಡಿ ಹಾಕಿ, ಇನ್ನೊಂದು ಡ್ರೈವಿನಲ್ಲೂ ಒಂದು ನಕಲು ಇಡಿ. ಆ ಫೋಲ್ಡರನ್ನು ಇನ್ನು ಮುಟ್ಟಬೇಡಿ. ಫೈಲ್ ಹೆಸರನ್ನೂ ಬದಲಿಸಬೇಡಿ. ಎಡಿಟಿಂಗ್ ಸಾಫ್ಟ್‌ವೇರ್ ಹೆಸರು ಮತ್ತು ಜಾಗ ನೋಡಿಯೇ ಫೈಲ್ ಹುಡುಕುವುದು.

ಹೆಜ್ಜೆ 2: ಜಾತಕ ನೋಡಿ

ಮೀಡಿಯಾಇನ್ಫೋ ಅಂತ ಒಂದು ಚಿಕ್ಕ ಉಚಿತ ಸಾಫ್ಟ್‌ವೇರ್ ಇದೆ. ಹಾಕಿಕೊಳ್ಳಿ, ಕ್ಲಿಪ್ ಅದರ ಮೇಲೆ ಎಳೆದು ಬಿಡಿ. ಹತ್ತಾರು ಸಾಲು ತೋರಿಸುತ್ತದೆ. ನಿಮಗೆ ಬೇಕಾದದ್ದು ನಾಲ್ಕೇ.

ಫಾರ್ಮ್ಯಾಟ್: ಎವಿಸಿ ಅಂತಿದ್ದರೆ ಎಚ್.264. ಎಚ್‌ಇವಿಸಿ ಅಂತಿದ್ದರೆ ಕಂಪ್ಯೂಟರಿಗೆ ಜಾಸ್ತಿ ಕೆಲಸ.

ಬಿಟ್ ಡೆಪ್ತ್ (ಬಣ್ಣದ ಸೂಕ್ಷ್ಮತೆಯ ಅಳತೆ): 8 ಇದ್ದರೆ ಮಾಮೂಲಿ. 10 ಇದ್ದು, ಜೊತೆಗೆ ಎಚ್‌ಎಲ್‌ಜಿ ಅಥವಾ ಡಾಲ್ಬಿ ವಿಷನ್ ಅಂತ ಕಂಡರೆ ಅದು ಎಚ್‌ಡಿಆರ್, ಅಂದರೆ ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ವಿಡಿಯೊ. ಐಫೋನ್ 12ರಿಂದ ಈಚಿನವು ಸಾಮಾನ್ಯವಾಗಿ ಹೀಗೇ ಶೂಟ್ ಮಾಡುತ್ತವೆ. ಮಾಮೂಲಿ ಪ್ರಾಜೆಕ್ಟಿಗೆ ಹಾಗೇ ಹಾಕಿದರೆ ಬಣ್ಣ ಪೇಲವವಾಗಿ ಕಾಣಬಹುದು, ಇಲ್ಲವೇ ಮದುಮಗನ ಬಿಳಿ ಪಂಚೆ ಟ್ಯೂಬ್‌ಲೈಟಿನಂತೆ ಹೊಳೆಯಬಹುದು.

ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್): 25, 29.97, 30, 60, ಯಾವುದು ಅಂತ ಬರೆದಿಟ್ಟುಕೊಳ್ಳಿ.

ಫ್ರೇಮ್ ರೇಟ್ ಮೋಡ್: ನನ್ನ ಮಾನ ಕಳೆದ ಸಾಲು ಇದೇ. ‘ಕಾನ್‌ಸ್ಟಂಟ್’ ಅಂತಿದ್ದರೆ ನೆಮ್ಮದಿ. ‘ವೇರಿಯಬಲ್’ ಅಂತಿದ್ದರೆ ಮೂರನೇ ಹೆಜ್ಜೆಯನ್ನು ಬಿಡುವ ಹಾಗೇ ಇಲ್ಲ.

ಹೆಜ್ಜೆ 3: ಓಲಾಡುವ ಫ್ರೇಮ್ ರೇಟನ್ನು ಕಟ್ಟಿಹಾಕಿ

ಫೋನಿನ ಕ್ಯಾಮೆರಾ ತಾಳ ತಪ್ಪದ ಮೃದಂಗ ಅಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ, ಅದು ಸೆಕೆಂಡಿಗೆ 30ರ ಬದಲು 29 ಹಿಡಿಯುತ್ತದೆ, ಕೆಲವೊಮ್ಮೆ 24ಕ್ಕೂ ಇಳಿಯುತ್ತದೆ. ಯಾವ ಫ್ರೇಮ್ ಎಷ್ಟು ಹೊತ್ತು ತೋರಿಸಬೇಕು ಅಂತ ಫೈಲಿನೊಳಗೇ ಬರೆದಿಟ್ಟಿರುತ್ತದೆ. ವಿಎಲ್‌ಸಿಯಂಥ ಪ್ಲೇಯರ್ ಅದನ್ನು ಓದಿಕೊಂಡು ಸರಿಯಾಗಿ ತೋರಿಸುತ್ತದೆ. ಅದಕ್ಕೇ ಪ್ಲೇಯರಿನಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ಟೈಮ್‌ಲೈನ್ ಮಾತ್ರ ಸರಿಯಾದ ಅಳತೆಪಟ್ಟಿಯ ಹಾಗೆ. ಸೆಕೆಂಡಿಗೆ 30 ಗೀಟು, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಕೆಲವು ಸಾಫ್ಟ್‌ವೇರ್‌ಗಳು ಓಲಾಡುವ ಫೈಲನ್ನು ಸಂಭಾಳಿಸುತ್ತವೆ. ಉಳಿದವು ಸುಮ್ನೆ ಫ್ರೇಮ್‌ಗಳನ್ನು ಒಂದರ ಪಕ್ಕ ಒಂದು ಜೋಡಿಸಿಬಿಡುತ್ತವೆ.

ನನ್ನ ಕ್ಲಿಪ್ಪಿನ ಲೆಕ್ಕ ಹೇಳುತ್ತೇನೆ. ಮೀಡಿಯಾಇನ್ಫೋದಲ್ಲಿ ಸರಾಸರಿ 29.95 ಅಂತಿತ್ತು. 30ಕ್ಕೂ ಅದಕ್ಕೂ ಏನು ಮಹಾ ವ್ಯತ್ಯಾಸ? 40 ನಿಮಿಷ ಅಂದರೆ 2400 ಸೆಕೆಂಡ್. ಸೆಕೆಂಡಿಗೆ 0.05 ಫ್ರೇಮ್ ಕಮ್ಮಿ ಅಂದರೆ ಒಟ್ಟು 120 ಫ್ರೇಮ್ ಕಮ್ಮಿ. 30ರಿಂದ ಭಾಗಿಸಿ: 4 ಸೆಕೆಂಡ್. ಧ್ವನಿ ತನ್ನ ಪಾಡಿಗೆ ಪೂರ್ತಿ 40 ನಿಮಿಷ ಓಡಿತು. ಚಿತ್ರ 39 ನಿಮಿಷ 56 ಸೆಕೆಂಡಿಗೇ ಮುಗಿಯಿತು. ಶುರುವಿನಲ್ಲಿ ತುಟಿಗೂ ಮಾತಿಗೂ ಸರಿಹೊಂದುತ್ತಿತ್ತು, ನಾನೂ ಅಷ್ಟೇ ನೋಡಿ ಸಮಾಧಾನ ಪಟ್ಟಿದ್ದೆ. ಮುಹೂರ್ತ ಬರುವ ಹೊತ್ತಿಗೆ ತಾಳಿ ಮುಂದೆ, ಗಟ್ಟಿಮೇಳ ಹಿಂದೆ.

ಈಗ ಪರಿಹಾರ. ನಾನು ಬಳಸುವುದು ಶಾಟ್‌ಕಟ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಹಳೆಯ ಯಂತ್ರಕ್ಕೂ ಒಗ್ಗುತ್ತದೆ. ವೇರಿಯಬಲ್ ಕ್ಲಿಪ್ ತೆರೆದರೆ ಅದೇ ಕೇಳುತ್ತದೆ: ಇದರ ಫ್ರೇಮ್ ರೇಟ್ ಒಂದೇ ಸಮ ಇಲ್ಲ, ಎಡಿಟಿಂಗ್‌ಗೆ ಸರಿಹೋಗುವ ಹಾಗೆ ಬದಲಿಸಲಾ ಅಂತ. ಬಹಳ ಜನ ಇಲ್ಲಿ ಗಡಿಬಿಡಿಯಲ್ಲಿ ಕ್ಯಾನ್ಸಲ್ ಒತ್ತುತ್ತಾರೆ. ಒತ್ತಬೇಡಿ. ಆ ಕಿಟಕಿ ಬರದಿದ್ದರೆ ಪ್ರಾಪರ್ಟೀಸ್ ಪ್ಯಾನೆಲಿನಲ್ಲಿ ‘ಕನ್ವರ್ಟ್’ ಗುಂಡಿ ಇದೆ, ಅಲ್ಲಿಂದಲೂ ಹೋಗಬಹುದು.

ಅಲ್ಲಿ ಮೂರು ಮೆಟ್ಟಿಲು ಕಾಣುತ್ತವೆ: ಗುಡ್, ಬೆಟರ್, ಬೆಸ್ಟ್. ಗುಡ್ ಎಚ್.264ನಲ್ಲೇ ಇರುತ್ತದೆ, ಆದರೆ ಪ್ರತಿ ಫ್ರೇಮೂ ಪೂರ್ತಿ ಸಾಲು, ‘ಸದರಿ’ ಇಲ್ಲ. ಬೆಟರ್ ಆರಿಸಿದರೆ ಸ್ಟುಡಿಯೊದವರು ಬಳಸುವ ಥರದ ಮಧ್ಯಂತರ ಫಾರ್ಮ್ಯಾಟ್, ಅಂದರೆ ಎಡಿಟ್ ಮಾಡುವುದಕ್ಕೇ ಅಂತ ಇರುವುದು. ಬೆಸ್ಟ್ ಅಂದರೆ ಏನೂ ಕಳೆದುಕೊಳ್ಳದ ಫಾರ್ಮ್ಯಾಟ್, ಡಿಸ್ಕನ್ನು ನುಂಗಿ ನೀರು ಕುಡಿಯುತ್ತದೆ. ಹೆಸರು ನೋಡಿ ಬೆಸ್ಟ್ ಆರಿಸಬೇಡಿ. ಫೋನ್ ಆಗಲೇ ಕಳೆದದ್ದನ್ನು ಅದು ವಾಪಸ್ ತರುವುದಿಲ್ಲ. ಮನೆಯ ಸಮಾರಂಭಕ್ಕೆ ಗುಡ್ ಸಾಕು. ಬಣ್ಣ ತಿದ್ದುವ ಕೆಲಸ ಜಾಸ್ತಿ ಇದ್ದರೆ ಬೆಟರ್.

ಅದೇ ಕಿಟಕಿಯ ಅಡ್ವಾನ್ಸ್ಡ್ ಭಾಗದಲ್ಲಿ ಫ್ರೇಮ್ ರೇಟ್ ನೀವೇ ನಿಗದಿ ಮಾಡುವ ಆಯ್ಕೆ ಇದೆ. ಅಲ್ಲಿ 30 ಅಂತ ಕೊಡಿ, ಅಥವಾ ನಿಮ್ಮ ಪ್ರಾಜೆಕ್ಟ್ ಎಷ್ಟೋ ಅಷ್ಟು. ಕಡಿಮೆ ಬಿದ್ದ ಕಡೆ ಒಂದೊಂದು ಫ್ರೇಮನ್ನು ಎರಡು ಸಲ ಇಟ್ಟು ಅದು ಲೆಕ್ಕ ಸರಿಮಾಡುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಶುರುವಿಗೆ ಹೋಗಬೇಡಿ, ಕೊನೆಯ ಎರಡು ನಿಮಿಷಕ್ಕೆ ಹೋಗಿ. ಯಾರಾದರೂ ಚಪ್ಪಾಳೆ ತಟ್ಟುವುದೋ ಡೋಲಿನ ಮೇಲೆ ಕೋಲು ಬೀಳುವುದೋ ಹುಡುಕಿ. ಏಟೂ ಸದ್ದೂ ಒಟ್ಟಿಗಿದ್ದರೆ ಗೆದ್ದಿರಿ.

ಫಾರ್ಮ್ಯಾಟ್ ಬದಲಿಸಲು ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್ ಬಳಸುವವರು ವಿಡಿಯೊ ಟ್ಯಾಬಿನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ, ಕ್ವಾಲಿಟಿಯ ಆರ್‌ಎಫ್ ಅಂಕಿ 18ರ ಹತ್ತಿರ ಇಡಿ. ಅಂಕಿ ಕಮ್ಮಿಯಾದಷ್ಟೂ ಗುಣಮಟ್ಟ ಜಾಸ್ತಿ. ಧ್ವನಿಯ ಗಲಾಟೆ ಇದರಿಂದ ತಪ್ಪುತ್ತದೆ. ಆದರೆ ‘ಸದರಿ’ಗಳು ಹಾಗೇ ಉಳಿಯುವುದರಿಂದ ತಿಣುಕಾಟ ಪೂರ್ತಿ ಹೋಗುವುದಿಲ್ಲ.

ಹೆಜ್ಜೆ 4: ಯಾವ ಅಂಗ ಸುಸ್ತಾಗಿದೆ ಅಂತ ನೋಡಿ

ತಿಣುಕುತ್ತಿದೆ ಅಂತ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಐದು ನಿಮಿಷ ಇಲ್ಲಿ ಕಳೆಯಿರಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ. ಇನ್ನೊಂದು ಕಡೆ ಟೈಮ್‌ಲೈನ್ ಓಡಿಸಿ.

ಡಿಸ್ಕ್ 100ರ ಹತ್ತಿರ ಇದ್ದು ಸಿಪಿಯು ಆರಾಮಾಗಿದ್ದರೆ ತೊಂದರೆ ಇರುವುದು ಡಿಸ್ಕಿನಲ್ಲಿ. ಪೆನ್‌ಡ್ರೈವಿನಿಂದಲೋ ಮೆಮೊರಿ ಕಾರ್ಡಿನಿಂದಲೋ ನೇರವಾಗಿ ಎಡಿಟ್ ಮಾಡುತ್ತಿರಬಹುದು. ಎಸ್‌ಎಸ್‌ಡಿಗೆ ನಕಲು ಮಾಡಿ. ಮೆಮೊರಿ ತುಂಬಿದ್ದರೆ ಬ್ರೌಸರ್ ಮುಚ್ಚಿ. 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟು 4ಕೆ ಎಡಿಟ್ ಮಾಡುತ್ತೇನೆ ಅಂದರೆ ಆಗುವುದಿಲ್ಲ.

ಸಿಪಿಯು 100 ಇದ್ದರೆ ಜಿಪಿಯು (ಚಿತ್ರದ ಕೆಲಸಕ್ಕಿರುವ ಚಿಪ್ಪು) ಮೇಲೆ ಕ್ಲಿಕ್ ಮಾಡಿ, ‘ವಿಡಿಯೊ ಡಿಕೋಡ್’ ಅನ್ನುವ ಗ್ರಾಫ್ ನೋಡಿ. ಅದು ಸೊನ್ನೆಯಲ್ಲೇ ಮಲಗಿದ್ದರೆ, ಫ್ರೇಮ್ ಬಿಡಿಸಲು ಅಂತಲೇ ಇರುವ ಚಿಪ್ಪಿನ ಭಾಗ ಕೆಲಸ ಮಾಡುತ್ತಿಲ್ಲ. ಎಲ್ಲವನ್ನೂ ಸಿಪಿಯು ಒಂದೇ ಹೊರುತ್ತಿದೆ. ಕಾರಣ ಎರಡರಲ್ಲಿ ಒಂದು. ಸಾಫ್ಟ್‌ವೇರ್ ಅದನ್ನು ಬಳಸುತ್ತಿಲ್ಲ, ಇಲ್ಲವೇ ಚಿಪ್ಪಿಗೆ ನಿಮ್ಮ ಫಾರ್ಮ್ಯಾಟ್ ಬರುವುದಿಲ್ಲ. ಇಂಟೆಲ್‌ನಲ್ಲಿ 8-ಬಿಟ್ ಎಚ್‌ಇವಿಸಿ ಬಿಡಿಸುವ ಶಕ್ತಿ ಬಂದದ್ದು 6ನೇ ತಲೆಮಾರಿನಲ್ಲಿ, 10-ಬಿಟ್ ಬಂದದ್ದು 7ನೇ ತಲೆಮಾರಿನಲ್ಲಿ. 5ನೇ ತಲೆಮಾರಿನ ಐ5 ಇಟ್ಟುಕೊಂಡು ಈಗಿನ ಫೋನಿನ ಎಚ್‌ಡಿಆರ್ ವಿಡಿಯೊ ಎಡಿಟ್ ಮಾಡುವುದು, ಎತ್ತಿನ ಗಾಡಿಗೆ ಲಾರಿ ಲೋಡು ಹೇರಿದ ಹಾಗೆ. ಅದಕ್ಕೂ ದಾರಿ ಇದೆ, ಮುಂದಿನ ಹೆಜ್ಜೆ.

ಇನ್ನೊಂದು ಮಾತು. ಚಾರ್ಜರ್ ಸಿಕ್ಕಿಸಿಕೊಂಡೇ ಕೆಲಸ ಮಾಡಿ. ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ತಾನಾಗಿ ವೇಗ ಇಳಿಸುತ್ತದೆ. ಹಾಸಿಗೆ ಮೇಲೆ, ದಿಂಬಿನ ಮೇಲೆ ಇಡಬೇಡಿ. ಏಪ್ರಿಲ್ ಮಧ್ಯಾಹ್ನ ಬಳ್ಳಾರಿಯಲ್ಲೋ ಕಲಬುರಗಿಯಲ್ಲೋ ಕೂತು ಎಡಿಟ್ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಯಾದ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗುತ್ತದೆ. ಬೆಳಗಿನ ಜಾವ ಚಕಚಕ ಓಡುವ ಟೈಮ್‌ಲೈನ್ ಮಧ್ಯಾಹ್ನ ಕುಂಟುವುದು ಇದಕ್ಕೇ.

ಹೆಜ್ಜೆ 5: ಪ್ರಾಕ್ಸಿ, ಅಂದರೆ ಬದಲಿ ಫೈಲ್

ನಾಟಕದ ರಿಹರ್ಸಲ್‌ಗೆ ಯಾರೂ ಪೂರ್ತಿ ವೇಷ ಹಾಕುವುದಿಲ್ಲ, ಅಲ್ವಾ? ಪ್ರಾಕ್ಸಿಯೂ ಹಾಗೇ. ದೊಡ್ಡ ಕ್ಲಿಪ್ಪಿಗೆ ಬದಲಾಗಿ ಒಂದು ಪುಟ್ಟ, ಹಗುರ ನಕಲು ಮಾಡಿಕೊಂಡು ಅದರ ಮೇಲೆ ಕತ್ತರಿ ಆಡಿಸುವುದು. ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ತಾನಾಗಿ ಮೂಲ ಫೈಲನ್ನೇ ತೆಗೆದುಕೊಳ್ಳುತ್ತದೆ. ಗುಣಮಟ್ಟ ಒಂದು ಚೂರೂ ಹೋಗುವುದಿಲ್ಲ.

ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಮೆನುವಿನೊಳಗೆ ಪ್ರಾಕ್ಸಿ ಇದೆ, ‘ಯೂಸ್ ಪ್ರಾಕ್ಸಿ’ ಟಿಕ್ ಮಾಡಿ. ಆಮೇಲೆ ಹಾಕುವ ಕ್ಲಿಪ್‌ಗಳಿಗೆ ಹಿಂದಿನಿಂದ ತಾನಾಗಿ ಬದಲಿ ತಯಾರಾಗುತ್ತದೆ. ಜಾಬ್ಸ್ ಪ್ಯಾನೆಲಿನಲ್ಲಿ ಅದು ಓಡುವುದು ಕಾಣುತ್ತದೆ. ರಾತ್ರಿ ಊಟಕ್ಕೆ ಮುಂಚೆ ಎಲ್ಲ ಕ್ಲಿಪ್ ಹಾಕಿ ಬಿಟ್ಟರೆ ಊಟ ಮುಗಿಸಿ ಬರುವಷ್ಟರಲ್ಲಿ ಸಾಕಷ್ಟು ಆಗಿರುತ್ತದೆ. ಅದೇ ಮೆನುವಿನಲ್ಲಿ ಪ್ರಿವ್ಯೂ ಸ್ಕೇಲಿಂಗ್ 540 ಅಥವಾ 360ಕ್ಕೆ ಇಳಿಸಿದರೆ ಇನ್ನೂ ಹಗುರ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟರ್ ಬಳಸುವವರಿಗೆ ಮೀಡಿಯಾ ಪೂಲಿನಲ್ಲಿ ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿದರೆ ‘ಜನರೇಟ್ ಪ್ರಾಕ್ಸಿ ಮೀಡಿಯಾ’ ಸಿಗುತ್ತದೆ. ಕೆಡೆನ್‌ಲೈವ್ ಅನ್ನುವ ಎಡಿಟರಿನಲ್ಲೂ ಈ ಸೌಲಭ್ಯ ಇದೆ.

ಹಾಗಾದರೆ ಮೂರನೇ ಹೆಜ್ಜೆಯ ಬದಲಾವಣೆಯೋ, ಪ್ರಾಕ್ಸಿಯೋ? ಫ್ರೇಮ್ ರೇಟ್ ಓಲಾಡುತ್ತಿದ್ದರೆ ಬದಲಾವಣೆಯೇ ಬೇಕು. ಪ್ರಾಕ್ಸಿ ಅದನ್ನು ಗುಣಪಡಿಸುವುದಿಲ್ಲ. ಫ್ರೇಮ್ ರೇಟ್ ಸರಿಯಿದ್ದು ಬರೀ ತಿಣುಕಾಟ ಇದ್ದರೆ ಪ್ರಾಕ್ಸಿ ಸಾಕು. ಡಿಸ್ಕ್ ಜಾಗವನ್ನೂ ಲೆಕ್ಕ ಹಾಕಿ. ಪ್ರೋರೆಸ್ 422ನಂಥ ಮಧ್ಯಂತರ ಫಾರ್ಮ್ಯಾಟ್‌ನಲ್ಲಿ ಫುಲ್ ಎಚ್‌ಡಿ ನಿಮಿಷಕ್ಕೆ ಸುಮಾರು 1.1 ಜಿಬಿ. ನನ್ನ 40 ನಿಮಿಷದ ಧಾರೆಯೇ 44 ಜಿಬಿ ಆಗುತ್ತದೆ. ಬೆಳಗಿನ ಕಾಶಿಯಾತ್ರೆಯಿಂದ ಸಂಜೆಯ ಆರತಕ್ಷತೆ ತನಕ ಮೂರು ಗಂಟೆ ಶೂಟ್ ಮಾಡಿದ್ದರೆ 200 ಜಿಬಿ. ಅದಕ್ಕೇ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಮೊದಲು ಪ್ಲೇಯರಿನಲ್ಲಿ ನೋಡಿ, ಬೇಕಾದ ಕ್ಲಿಪ್‌ಗಳನ್ನು ಮಾತ್ರ ಆರಿಸಿಕೊಳ್ಳಿ.

ಹೆಜ್ಜೆ 6: ಪ್ರಾಜೆಕ್ಟಿನ ಅಳತೆ ಮೊದಲೇ ನಿಗದಿ ಮಾಡಿ

ಚಿಕ್ಕ ಹೆಜ್ಜೆ, ಆದರೆ ಎಡವುವವರು ಬಹಳ. ಶಾಟ್‌ಕಟ್‌ನ ವಿಡಿಯೊ ಮೋಡ್ ‘ಆಟೊಮ್ಯಾಟಿಕ್’ ಆಗಿದ್ದರೆ ನೀವು ಮೊದಲು ಹಾಕಿದ ಕ್ಲಿಪ್ಪಿನ ಅಳತೆಯೇ ಇಡೀ ಪ್ರಾಜೆಕ್ಟಿನ ಅಳತೆ. ಮೊದಲ ಕ್ಲಿಪ್ ಅತ್ತೆ ಫೋನನ್ನು ಉದ್ದಕ್ಕೆ ನೆಟ್ಟಗೆ ಹಿಡಿದು ತೆಗೆದ ವಾಟ್ಸಾಪ್ ವಿಡಿಯೊ ಆದರೆ ಮದುವೆಯೆಲ್ಲ ಆ ಸಂದಿಯಲ್ಲೇ ನಡೆಯುತ್ತದೆ. ಮೊದಲೇ ಎಚ್‌ಡಿ 1080ಪಿ, 30 ಅಥವಾ 25 ಅಂತ ಆರಿಸಿ.

30 ಅಥವಾ 25 ಯಾವುದು? ನಿಮ್ಮ ಹೆಚ್ಚಿನ ಕ್ಲಿಪ್ ಯಾವುದರಲ್ಲಿದೆಯೋ ಅದು. ಸ್ಟುಡಿಯೊದವರ ದೊಡ್ಡ ಕ್ಯಾಮೆರಾ ನಮ್ಮಲ್ಲಿ ಸಾಮಾನ್ಯವಾಗಿ 25, ಫೋನುಗಳು 30. ಎರಡನ್ನೂ ಬೆರೆಸಿದರೆ ಒಂದು ಮತ್ತೊಂದರೊಳಗೆ ಸಣ್ಣಗೆ ಜರ್ಕ್ ಹೊಡೆಯುತ್ತದೆ. ಮಂಟಪದ ಸುತ್ತ ಕ್ಯಾಮೆರಾ ನಿಧಾನ ತಿರುಗುವ ಶಾಟ್‌ನಲ್ಲಿ ಅದು ಎದ್ದು ಕಾಣುತ್ತದೆ.

ಹೆಜ್ಜೆ 7: ಬರೀ ತುದಿ ಕತ್ತರಿಸುವುದಾದರೆ

ಇಷ್ಟೆಲ್ಲ ಎಲ್ಲರಿಗೂ ಬೇಡ. ಶಾಲೆಯ ವಾರ್ಷಿಕೋತ್ಸವದ ಒಂದು ಗಂಟೆ ವಿಡಿಯೊದಿಂದ ನಿಮ್ಮ ಮಗಳ ಐದು ನಿಮಿಷದ ಕೋಲಾಟ ಮಾತ್ರ ಬೇಕು ಅಂದುಕೊಳ್ಳಿ. ಅದಕ್ಕೆ ಎಡಿಟರ್ ತೆರೆಯಲೇಬೇಡಿ. ಲಾಸ್‌ಲೆಸ್‌ಕಟ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಶುರುವಾಗುವ ಜಾಗದಲ್ಲಿ ಐ ಕೀ, ಮುಗಿಯುವ ಜಾಗದಲ್ಲಿ ಓ ಕೀ, ಆಮೇಲೆ ಎಕ್ಸ್‌ಪೋರ್ಟ್. ಮತ್ತೆ ಕುಗ್ಗಿಸುವ ಕೆಲಸವೇ ಇಲ್ಲ, ಇರುವುದನ್ನು ಹಾಗೇ ನಕಲು ಮಾಡುತ್ತದೆ. ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ, ಗುಣಮಟ್ಟ ಮೂಲದ್ದೇ.

ಒಂದೇ ಷರತ್ತು. ಶುರುವಿನ ಕತ್ತರಿ ಕೀಫ್ರೇಮಿನ ಮೇಲೇ ಬೀಳಬೇಕು. ಮುಯ್ಯಿ ಪುಸ್ತಕ ನೆನಪಿಸಿಕೊಳ್ಳಿ: ಹರಿದ ಭಾಗದ ಮೊದಲ ಸಾಲಿನಲ್ಲಿ ಊರಿನ ಹೆಸರು ಇರಲೇಬೇಕು. ಆದ್ದರಿಂದ ನೀವು ಹೇಳಿದ್ದಕ್ಕಿಂತ ಅರ್ಧ, ಒಂದು ಸೆಕೆಂಡ್ ಮುಂಚೆ ಶುರುವಾಗಬಹುದು. ಆ ಕೀಫ್ರೇಮ್ ಷರತ್ತನ್ನು ಆಫ್ ಮಾಡುವ ಗುಂಡಿಯೂ ಇದೆ. ಆದರೆ ಕೆಲವು ಪ್ಲೇಯರ್‌ಗಳಲ್ಲಿ ಶುರುವಿನಲ್ಲಿ ಚಿತ್ರ ನಿಂತುಬಿಡುತ್ತದೆ, ಧ್ವನಿ ಮಾತ್ರ ಬರುತ್ತದೆ. ಒಂದು ಸೆಕೆಂಡ್ ಹೆಚ್ಚಿಗೆ ಇದ್ದರೆ ಯಾರಿಗೇನು ನಷ್ಟ? ಹಾಗೇ ಬಿಡಿ.

ಒಂದೇ ಫೋನಿನಲ್ಲಿ, ಒಂದೇ ಸೆಟ್ಟಿಂಗಿನಲ್ಲಿ ತೆಗೆದ ತುಂಡುಗಳನ್ನು ಇದರಲ್ಲೇ ಜೋಡಿಸಲೂ ಬಹುದು. ಬೇರೆ ಬೇರೆ ಫೋನಿನವು ಕೂಡುವುದಿಲ್ಲ.

ಹೆಜ್ಜೆ 8: ಎಕ್ಸ್‌ಪೋರ್ಟ್, ಕರೆಂಟ್ ನೋಡಿಕೊಂಡು

ಎಡಿಟ್ ಮಾಡಿದ್ದನ್ನು ಹೊರಗೆ ತೆಗೆಯುವಾಗ ಎಚ್.264, ಎಂಪಿ4 ಸಾಕು. ಎಚ್‌ಇವಿಸಿ ಚಿಕ್ಕದಾಗುತ್ತದೆ ನಿಜ, ಆದರೆ ಮಾವನ ಮನೆಯ ಹಳೆಯ ಟಿವಿ ‘ಈ ಫೈಲ್ ಬರಲ್ಲ’ ಅಂದರೆ ಮತ್ತೆ ನಿಮ್ಮ ತಲೆಗೇ ಬರುತ್ತದೆ. ಶಾಟ್‌ಕಟ್‌ನಲ್ಲಿ ಕ್ವಾಲಿಟಿ ಶೇಕಡಾ 55 ಅಂದರೆ ಬೇರೆ ಕಡೆ ಸಿಆರ್‌ಎಫ್ 23 (ಹ್ಯಾಂಡ್‌ಬ್ರೇಕಿನ ಆರ್‌ಎಫ್ ಥರದ್ದೇ ಅಂಕಿ) ಅನ್ನುವುದಕ್ಕೆ ಸಮ. ಮನೆಯಲ್ಲಿ ಇಟ್ಟುಕೊಳ್ಳುವ ಪ್ರತಿಗೆ ನಾನು 60ರ ಮೇಲೆ ಇಡುತ್ತೇನೆ. ಯೂಟ್ಯೂಬಿಗೆ ಹಾಕುವುದಾದರೆ 1080ಪಿ 30 ಫ್ರೇಮಿಗೆ ಅವರೇ ಹೇಳುವ ಲೆಕ್ಕ 8 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 8 ಮೆಗಾಬಿಟ್. ಅಲ್ಲಿ ಹೇಗೂ ಮತ್ತೆ ಕುಗ್ಗಿಸುತ್ತಾರೆ, ಆದ್ದರಿಂದ ಸ್ವಲ್ಪ ಜಾಸ್ತಿ ಕೊಟ್ಟರೆ ಒಳ್ಳೆಯದೇ.

ಹಾರ್ಡ್‌ವೇರ್ ಎನ್‌ಕೋಡರ್ ಟಿಕ್ ಮಾಡಿದರೆ ಎಕ್ಸ್‌ಪೋರ್ಟ್ ಬೇಗ ಮುಗಿಯುತ್ತದೆ, ಆದರೆ ಅಷ್ಟೇ ಗುಣಮಟ್ಟಕ್ಕೆ ಫೈಲ್ ಸ್ವಲ್ಪ ದೊಡ್ಡದಾಗುತ್ತದೆ. ಅವಸರ ಇಲ್ಲದಿದ್ದರೆ ಟಿಕ್ ಬೇಡ. ರಾತ್ರಿ ಹಾಕಿ ಮಲಗಿ.

ಹಾಕಿ ಮಲಗುವ ಮುಂಚೆ ಕರೆಂಟಿನ ಬಗ್ಗೆ ಯೋಚಿಸಿ. ಎಂಪಿ4 ಫೈಲಿಗೆ ಒಂದು ವಿಚಿತ್ರ ಸ್ವಭಾವ ಇದೆ. ಯಾವ ಫ್ರೇಮ್ ಎಲ್ಲಿದೆ ಅನ್ನುವ ಪರಿವಿಡಿಯನ್ನು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಬರೆಯುತ್ತದೆ. ಶೇಕಡಾ 98 ಆದಾಗ ಯಂತ್ರ ಆಫ್ ಆದರೆ, ಜಿಬಿಗಟ್ಟಲೆ ಡೇಟಾ ಇದ್ದೂ ಪರಿವಿಡಿ ಇಲ್ಲದ ಫೈಲ್ ಉಳಿಯುತ್ತದೆ, ಯಾವ ಪ್ಲೇಯರೂ ತೆರೆಯುವುದಿಲ್ಲ. ಎಕ್ಸ್‌ಪೋರ್ಟ್ ಆದರೆ ಮತ್ತೆ ಮಾಡಬಹುದು. ಶೂಟಿಂಗ್ ನಡುವೆ ಫೋನ್ ಬ್ಯಾಟರಿ ಸತ್ತರೂ ಹೀಗೇ ಆಗಬಹುದು, ಆಗ ಮತ್ತೆ ಮದುವೆ ಮಾಡಿಸಲು ಆಗುವುದಿಲ್ಲವಲ್ಲ! ಅಂಥ ಫೈಲ್ ಅಳಿಸಬೇಡಿ. ಅನ್‌ಟ್ರಂಕ್ ಅನ್ನುವ ಸಾಫ್ಟ್‌ವೇರ್, ಅದೇ ಫೋನಿನ ಅದೇ ಸೆಟ್ಟಿಂಗಿನ ಒಂದು ಒಳ್ಳೆಯ ಕ್ಲಿಪ್ಪನ್ನು ಮಾದರಿಯಾಗಿ ಕೊಟ್ಟರೆ, ಕೆಟ್ಟದ್ದಕ್ಕೆ ಪರಿವಿಡಿ ಕಟ್ಟಲು ಪ್ರಯತ್ನಿಸುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನವರು ಎಂಪಿ4 ಬದಲು ಎಂಕೆವಿ ಅನ್ನುವ ಬಗೆಯ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ. ಮಧ್ಯದಲ್ಲಿ ಕರೆಂಟ್ ಹೋದರೂ ಅಲ್ಲಿಯವರೆಗಿನದು ಸಾಮಾನ್ಯವಾಗಿ ನೋಡಲು ಬರುತ್ತದೆ.

ಹೆಜ್ಜೆ 9: ಮುಂದಿನ ಸಲ ಶೂಟ್ ಮಾಡುವಾಗಲೇ

ಈ ಹೆಜ್ಜೆಯನ್ನು ಮೊದಲೇ ಹೇಳಬೇಕಿತ್ತು. ಆದರೆ ಎಲ್ಲರೂ ಇಲ್ಲಿಗೆ ಬರುವುದು ಶೂಟ್ ಮಾಡಿ ಸಿಕ್ಕಿಹಾಕಿಕೊಂಡ ಮೇಲೆಯೇ.

ಐಫೋನಿನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಎಚ್.264 ಬರುತ್ತದೆ. ರೆಕಾರ್ಡ್ ವಿಡಿಯೊ ಒಳಗೆ ಎಚ್‌ಡಿಆರ್ ಆಫ್ ಮಾಡಿ, ಆಟೊ ಎಫ್‌ಪಿಎಸ್ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಹೆಸರು ಒಂದೊಂದು ಕಂಪನಿಗೆ ಒಂದೊಂದು ಥರ, ಎಚ್‌ಇವಿಸಿ ಅಥವಾ ‘ಹೈ ಎಫಿಷಿಯೆನ್ಸಿ’ ಅನ್ನುವುದನ್ನು ಹುಡುಕಿ ಆಫ್ ಮಾಡಿ. ಟಿವಿಯಲ್ಲಿ ನೋಡುವುದಕ್ಕೆ 1080ಪಿ ಸಾಕು. ಎಂಟು ವರ್ಷದ ಲ್ಯಾಪ್‌ಟಾಪ್ ಇಟ್ಟುಕೊಂಡು 4ಕೆ ಶೂಟ್ ಮಾಡುವುದು ಸುಮ್ನೆ ಮೈಮೇಲೆ ಎಳೆದುಕೊಂಡ ಕಷ್ಟ.

ಛತ್ರದ ಸೀರಿಯಲ್ ಸೆಟ್, ಟ್ಯೂಬ್‌ಲೈಟ್ ವಿಡಿಯೊದಲ್ಲಿ ಮಿಣುಕುತ್ತವಲ್ಲ, ಅದಕ್ಕೆ ಕಾರಣ ನಮ್ಮ ಕರೆಂಟಿನ 50 ಹರ್ಟ್ಸ್. ಫೋನಿನಲ್ಲಿ ಶಟರ್ ಬದಲಿಸಲು ಬಂದರೆ ಐವತ್ತನೇ ಒಂದು ಅಥವಾ ನೂರನೇ ಒಂದು ಸೆಕೆಂಡಿಗೆ ಇಡಿ, ಮಿಣುಕು ಬಹುಪಾಲು ನಿಲ್ಲುತ್ತದೆ. ಐಫೋನಿನಲ್ಲಿ ‘ಶೋ ಪಾಲ್ ಫಾರ್ಮ್ಯಾಟ್ಸ್’ ಆನ್ ಮಾಡಿದರೆ 25 ಫ್ರೇಮಿನ ಆಯ್ಕೆಯೂ ಸಿಗುತ್ತದೆ. ಸ್ಟುಡಿಯೊದವರ ಕ್ಲಿಪ್ಪಿನ ಜೊತೆ ಬೆರೆಸುವುದಾದರೆ ಅದೇ ಒಳ್ಳೆಯದು. ಎಡಿಟಿಂಗ್‌ನಲ್ಲಿ ಈ ಮಿಣುಕು ತೆಗೆಯುವುದು ಬಹಳ ಕಷ್ಟದ ಕೆಲಸ.

ಮತ್ತೆ, 40 ನಿಮಿಷ ಒಂದೇ ಕ್ಲಿಪ್ ಬೇಡ. ಹತ್ತು ಹತ್ತು ನಿಮಿಷಕ್ಕೆ, ಮಂತ್ರದ ನಡುವೆ ಬಿಡುವು ನೋಡಿ ನಿಲ್ಲಿಸಿ ಮತ್ತೆ ಶುರುಮಾಡಿ. ಧ್ವನಿ ಜಾರಿದರೂ ಒಂದು ಸೆಕೆಂಡಿನೊಳಗೇ ಜಾರುತ್ತದೆ, ಫೈಲ್ ಕೆಟ್ಟರೂ ಹತ್ತು ನಿಮಿಷವೇ ಹೋಗುತ್ತದೆ. ಮುಹೂರ್ತದ ಹೊತ್ತಿಗೆ ಮಾತ್ರ ಗುಂಡಿ ಮುಟ್ಟಬೇಡಿ.

ಪೆನ್‌ಡ್ರೈವಿಗೆ ಹಾಕುವಾಗ

ಕೊನೆಯ ಒಂದು ಕಿರಿಕಿರಿ. ಎಕ್ಸ್‌ಪೋರ್ಟ್ ಆದ ಫೈಲ್ 5 ಜಿಬಿ, ಪೆನ್‌ಡ್ರೈವ್ 32 ಜಿಬಿ, ಆದರೂ ‘ಫೈಲ್ ಬಹಳ ದೊಡ್ಡದು’ ಅಂತ ಬರುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟ್‌ನಲ್ಲಿದ್ದರೆ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಟಿವಿ ಅದನ್ನು ಓದುತ್ತದಾ ಅಂತ ನೋಡಿ. ಓದದಿದ್ದರೆ ಲಾಸ್‌ಲೆಸ್‌ಕಟ್‌ನಲ್ಲಿ ಎರಡು ತುಂಡು ಮಾಡಿ: ಧಾರೆ ಒಂದು, ಆರತಕ್ಷತೆ ಒಂದು.

ನಾನು ಆ ಧಾರೆಯನ್ನು ‘ಮೂಲ’ ಫೋಲ್ಡರಿನಿಂದ ಮತ್ತೆ ತೆಗೆದು, 30 ಫ್ರೇಮಿಗೆ ಬದಲಿಸಿ, ಎರಡು ಗಂಟೆಯಲ್ಲಿ ಹೊಸದಾಗಿ ಕತ್ತರಿಸಿದೆ. ಅಜ್ಜಿಗೆ ತೋರಿಸಿದೆ. ಪುರೋಹಿತರು ಕೈಯೆತ್ತಿದರು, ಡೋಲು ಬಡಿಯಿತು, ಹುಡುಗನ ಕೈ ಹುಡುಗಿಯ ಕೊರಳ ಹಿಂದೆ ಹೋಯಿತು. ಅಜ್ಜಿ ಈ ಸಲ ಓಲಗದವರ ಬಗ್ಗೆ ಏನೂ ಅನ್ನಲಿಲ್ಲ. ‘ನಾನೆಲ್ಲಿ ಕೂತಿದ್ದೆ? ನನ್ನನ್ನೇ ತೋರಿಸಿಲ್ವಲ್ಲೋ’ ಅಂದರು.